ಹವ್ಯಾಸಿ ರ‍್ಯಾಲಿಗೆ ಸಣ್ಣ ಕಾರು: ಚಿಕ್ಕಮಗಳೂರಿನ ತೋಟದ ರಸ್ತೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ರ‍್ಯಾಲಿ ನಡೆದ ಮರುದಿನವೇ ಯಾರಾದರೊಬ್ಬರು ಗ್ಯಾರೇಜಿಗೆ ಬಂದು, ಮನೆಯಲ್ಲಿ ನಿಂತಿರುವ ಹಳೆಯ ಕಾರನ್ನು ರ‍್ಯಾಲಿಗೆ ಇಳಿಸಬಹುದೇ ಎಂದು ವಿಚಾರಿಸುವುದು ಇಲ್ಲಿ ಮಾಮೂಲು. ನಾನು ಮೊದಲು ಬೇರೆಯವರ ಕಾರುಗಳ ಸರ್ವಿಸ್ ತಂಡದಲ್ಲಿ ಸ್ಪ್ಯಾನರ್ ಹಿಡಿದು, ಆಮೇಲೆ ನನ್ನದೇ ಸಣ್ಣ ಕಾರನ್ನು ಓಡಿಸಿದವನು, ವೃತ್ತಿಪರ ಚಾಲಕನಲ್ಲ. ಹಾಗಾಗಿ ಇಲ್ಲಿನ ಉತ್ತರಗಳು ಗೆಲ್ಲುವ ಕಾರಿನ ಕುರಿತಾದವುಗಳಲ್ಲ, ಕೊನೆಯ ಸ್ಟೇಜನ್ನೂ (ಗಡಿಯಾರ ಹಿಡಿದು ಓಡಿಸುವ ರಸ್ತೆಯ ಭಾಗ) ಮುಗಿಸಿ ತನ್ನ ಚಕ್ರಗಳ ಮೇಲೆಯೇ ಮನೆಗೆ ಬರುವ ಕಾರಿನ ಕುರಿತಾದವು.

ರ‍್ಯಾಲಿಯಲ್ಲಿ ಎಷ್ಟು ಬಗೆಗಳಿವೆ? ಹೊಸಬರು ಯಾವುದರಿಂದ ಆರಂಭಿಸಬೇಕು?

ಮೂರು ಬಗೆಗಳನ್ನು ತಿಳಿದುಕೊಂಡರೆ ಸಾಕು. ಮೊದಲನೆಯದು ಟಿಎಸ್‌ಡಿ, ಅಂದರೆ ಟೈಮ್, ಸ್ಪೀಡ್, ಡಿಸ್ಟೆನ್ಸ್. ಇದರಲ್ಲಿ ಸಾರ್ವಜನಿಕ ರಸ್ತೆಯಲ್ಲಿ, ಸಂಚಾರ ನಿಯಮದೊಳಗೇ, ಆಯೋಜಕರು ಗೊತ್ತುಮಾಡಿದ ಸರಾಸರಿ ವೇಗವನ್ನು ಕಾಯ್ದುಕೊಂಡು ಹೋಗಬೇಕು. ಬೇಗ ತಲುಪಿದರೂ ದಂಡ, ತಡವಾದರೂ ದಂಡ. ಎರಡನೆಯದು ಆಟೊಕ್ರಾಸ್. ಇದು ಮೈದಾನದಲ್ಲೋ ಬಯಲಿನಲ್ಲೋ ಹಾಕಿದ ಚಿಕ್ಕ ಮಣ್ಣಿನ ಓಟದಾರಿಯಲ್ಲಿ ಗಡಿಯಾರದ ವಿರುದ್ಧದ ಓಟ. ಮೂರನೆಯದು ಸ್ಟೇಜ್ ರ‍್ಯಾಲಿ. ಜನಸಂಚಾರವನ್ನು ಸಂಪೂರ್ಣ ನಿಲ್ಲಿಸಿದ ರಸ್ತೆಯಲ್ಲಿ ಕಾರುಗಳನ್ನು ಒಂದು ಅಥವಾ ಎರಡು ನಿಮಿಷಗಳ ಅಂತರದಲ್ಲಿ ಒಂದೊಂದಾಗಿ ಬಿಡುತ್ತಾರೆ, ಮತ್ತು ಎಲ್ಲ ಸ್ಟೇಜುಗಳ ಒಟ್ಟು ಸಮಯ ಯಾರದು ಕಡಿಮೆಯೋ ಅವರು ಗೆಲ್ಲುತ್ತಾರೆ.

ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್‌ನ ಭಾರತದ ಸುತ್ತು ನಮ್ಮ ತೋಟಗಳಲ್ಲೇ ನಡೆದಿದೆ. ಆ ಚಾಂಪಿಯನ್‌ಷಿಪ್ಪನ್ನು 2013, 2016 ಮತ್ತು 2017ರಲ್ಲಿ ಗೆದ್ದು 2019ರ ಅರ್ಜುನ ಪ್ರಶಸ್ತಿ ಪಡೆದ ಗೌರವ್ ಗಿಲ್ ಅವರು ಇಲ್ಲಿ ಓಡಿಸುವುದನ್ನು ಕಂಡವರಿಗೆ ನೇರವಾಗಿ ಸ್ಟೇಜಿಗೇ ಇಳಿಯಬೇಕೆನಿಸುವುದು ಸಹಜ. ಆದರೂ ಮೊದಲ ವರ್ಷ ಟಿಎಸ್‌ಡಿ ಮತ್ತು ಆಟೊಕ್ರಾಸ್‌ನಲ್ಲಿ ಕಳೆಯುವುದು ಒಳ್ಳೆಯದು. ಟಿಎಸ್‌ಡಿಗೆ ಕಾರಿನಲ್ಲಿ ಯಾವ ಬದಲಾವಣೆಯೂ ಬೇಕಾಗುವುದಿಲ್ಲ; ಜೊತೆಗೆ, ಪಕ್ಕದ ಸೀಟಿನಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್‌ನೊಡನೆ ಹೊಂದಾಣಿಕೆ ಸಾಧ್ಯವೇ ಎಂಬುದು ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ.

ಯಾವ ಕಾರು ಕೊಳ್ಳಬೇಕು?

ನಿಮ್ಮ ಊರಿನ ಗುಜರಿಯಲ್ಲಿ ಯಾವ ಕಾರಿನ ಬಿಡಿಭಾಗಗಳು ರಾಶಿ ಬಿದ್ದಿವೆಯೋ ಆ ಕಾರು. ಇದು ತಮಾಷೆಯ ಮಾತಲ್ಲ. ಶನಿವಾರ ಸಂಜೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಗ್ಗಿದರೆ ಭಾನುವಾರ ಬೆಳಗಿನೊಳಗೆ ಇನ್ನೊಂದು ಸಿಗಬೇಕು. ಹಾಸನದಲ್ಲಾಗಲಿ ಚಿಕ್ಕಮಗಳೂರಿನಲ್ಲಾಗಲಿ ಆ ಹೊತ್ತಿನಲ್ಲಿ ಸಿಗುವುದು ಬಹುಪಾಲು ಮಾರುತಿಯ ಭಾಗಗಳೇ.

796 ಸಿಸಿಯ ಮಾರುತಿ 800 ಸುಮಾರು 650 ಕೆ.ಜಿ. ತೂಗುವ ಹಗುರ ಕಾರು. ಆಟೊಕ್ರಾಸ್ ಕಲಿಯಲು ಇಂದಿಗೂ ಯೋಗ್ಯ. ಆದರೆ ಅದರ 12 ಇಂಚಿನ ಚಕ್ರಗಳು ತೋಟದ ರಸ್ತೆಯ ಗುಂಡಿಗಳೊಳಗೆ ಪೂರ್ತಿ ಇಳಿದುಬಿಡುತ್ತವೆ, ಆ ಅಳತೆಯಲ್ಲಿ ಮಣ್ಣಿಗೆ ಒಗ್ಗುವ ಟೈರ್ ಹುಡುಕುವುದೂ ಕಷ್ಟ. 993 ಸಿಸಿಯ ಹಳೆಯ ಝೆನ್ ಮತ್ತು 1298 ಸಿಸಿಯ ಎಸ್ಟೀಮ್ ಒಂದು ಕಾಲದಲ್ಲಿ ಹವ್ಯಾಸಿಗಳ ನೆಚ್ಚಿನ ಕಾರುಗಳಾಗಿದ್ದವು, ಆದರೆ ತುಕ್ಕಿಲ್ಲದ ಬಾಡಿ ಈಗ ಅಪರೂಪ. ಮೊದಲ ಹೋಂಡಾ ಸಿಟಿಯ ವಿಟೆಕ್ ಎಂಜಿನ್ ಅದ್ಭುತವಾದದ್ದು ನಿಜ, ಆದರೆ ಅದರ ಭಾಗಗಳ ಬೆಲೆಯೂ ಲಭ್ಯತೆಯೂ ಹೊಸಬರಿಗೆ ಅನುಕೂಲಕರವಲ್ಲ. ಇವೆಲ್ಲವನ್ನೂ ತೂಗಿ ನೋಡಿ, ಇಂದು ಕೇಳಿದವರಿಗೆ ನಾನು ಹೇಳುವುದು 1.2 ಲೀಟರ್ ಪೆಟ್ರೋಲ್ ಎಂಜಿನ್‌ನ ಸ್ವಿಫ್ಟ್. ಎಂಜಿನ್ ಗಟ್ಟಿ, ಗೇರ್‌ಬಾಕ್ಸ್ ಸುಲಭವಾಗಿ ಸಿಗುತ್ತದೆ, ಮತ್ತು ಈ ಕಾರಿಗೆ ಕೇಜ್ (ಕಾರು ಉರುಳಿದರೆ ಒಳಗಿನವರನ್ನು ಕಾಯುವ ಕೊಳವೆಯ ಪಂಜರ), ಗಾರ್ಡ್, ಶಾಕ್ಸ್ ಮಾಡಿ ಕೈ ಪಳಗಿದವರು ದಕ್ಷಿಣ ಭಾರತದಲ್ಲಿ ಸಾಕಷ್ಟಿದ್ದಾರೆ.

ಜಿಪ್ಸಿಯ ಮೇಲೆ ನಮ್ಮ ಕಡೆಯವರಿಗೆ ವಿಶೇಷ ಮಮತೆ. ತೋಟದಲ್ಲಿ ಗೊಬ್ಬರದ ಚೀಲ ಹೊತ್ತ ಅದೇ ಗಾಡಿ ರ‍್ಯಾಲಿಯಲ್ಲೂ ಓಡಿದ್ದನ್ನು ನೋಡಿ ಬೆಳೆದವರು ನಾವು. ಆದರೆ ನಾಲ್ಕೂ ಕಡೆ ಪಟ್ಟಾ ಸ್ಪ್ರಿಂಗ್ ಇರುವ, ಎತ್ತರದ, ಅಗಲ ಕಡಿಮೆಯಾದ ಈ ವಾಹನ ವೇಗದ ತಿರುವಿನಲ್ಲಿ ಮಗುಚಲು ಹೆಚ್ಚು ಹೊತ್ತು ಬೇಡ. ಅದು ಅನುಭವಸ್ಥರ ಕೈಗೆ ಬಿಡಬೇಕಾದ ಗಾಡಿ.

ಡೀಸೆಲ್ ಕಾರು ಆಗುವುದಿಲ್ಲವೇ?

ಟಿಎಸ್‌ಡಿಗೆ ಆಗುತ್ತದೆ. ಸ್ಟೇಜಿಗೆ ಬೇಡ; ಸಣ್ಣ ಕಾರಿನ ಮೂತಿಯಲ್ಲಿ ಡೀಸೆಲ್ ಎಂಜಿನ್‌ನ ಭಾರ ಕೂತಾಗ, ಸ್ಟೀರಿಂಗ್ ತಿರುಗಿಸಿದರೂ ಕಾರು ಮಾತ್ರ ನೇರವಾಗಿ ಕಾಫಿ ಗಿಡಗಳ ಕಡೆಗೇ ಹೋಗುತ್ತದೆ.

ಸೆಕೆಂಡ್ ಹ್ಯಾಂಡ್ ಕಾರನ್ನು ನೋಡುವಾಗ ಏನನ್ನು ಪರೀಕ್ಷಿಸಬೇಕು?

ಎಂಜಿನ್‌ಗಿಂತ ಮೊದಲು ಬಾಡಿಯನ್ನು ನೋಡಬೇಕು. ಎಂಜಿನ್ ಬದಲಾಯಿಸಬಹುದು, ತುಕ್ಕು ತಿಂದ ತಗಡಿಗೆ ಕೇಜನ್ನು ಬಿಗಿದು ಉಪಯೋಗವಿಲ್ಲ. ಬಾನೆಟ್ ಎತ್ತಿದೊಡನೆ ಎರಡೂ ಬದಿಯಲ್ಲಿ ಮುಂದಿನ ಶಾಕ್‌ಗಳ ತಲೆ ಕೂರುವ ಗೋಪುರದಂಥ ಭಾಗವನ್ನು ಗಮನಿಸಬೇಕು. ಅಲ್ಲಿ ಬಣ್ಣ ಕೂದಲೆಳೆಯಂತೆ ಬಿರುಕು ಬಿಟ್ಟಿದ್ದರೆ, ಅಥವಾ ಬೆರಳಾಡಿಸಿದಾಗ ತಗಡು ಮೇಲಕ್ಕೆ ಉಬ್ಬಿದಂತೆ ತೋರಿದರೆ ಆ ಕಾರು ಈಗಾಗಲೇ ಸಾಕಷ್ಟು ಗುಂಡಿಗಳನ್ನು ಕಂಡಿದೆ ಎಂದರ್ಥ. ಆಮೇಲೆ ಕಾರ್ಪೆಟ್ ಎತ್ತಿ, ಚಾಲಕನ ಕಾಲ ಬಳಿಯ ನೆಲವನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಬೇಕು. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಪುಟ್ಟಿ ತುಂಬಿದ್ದು ದಪ್ ಎನ್ನುತ್ತದೆ. ಮಲೆನಾಡಿನ ಮಳೆಗೆ ನಿಂತ ಕಾರುಗಳು, ಅದಕ್ಕಿಂತ ಹೆಚ್ಚಾಗಿ ಕರಾವಳಿಯ ಉಪ್ಪುಗಾಳಿಯಲ್ಲಿ ನಿಂತು ಘಾಟಿ ಹತ್ತಿ ಬಂದ ಕಾರುಗಳು, ಮೇಲೆ ಹೊಳೆಯುತ್ತಿದ್ದರೂ ಜಾಕ್ ಕೊಡುವ ಜಾಗದಲ್ಲಿ ಹಪ್ಪಳದಂತಾಗಿರುತ್ತವೆ. ಕಡೂರು, ಅರಸೀಕೆರೆಯಂಥ ಬಯಲು ಸೀಮೆಯ ಕಾರು ಸಿಕ್ಕಿದರೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಸೀಟಿನ ಬಟ್ಟೆ, ಎ.ಸಿ., ಮ್ಯೂಸಿಕ್ ಸಿಸ್ಟಂ ಇವುಗಳಿಗೆ ಬೆಲೆ ಕೊಡಬೇಡಿ. ಅವೆಲ್ಲವನ್ನೂ ಮೊದಲ ವಾರದಲ್ಲೇ ಕಿತ್ತುಹಾಕುತ್ತೀರಿ.

ಎಂಜಿನ್ ಶಕ್ತಿಯನ್ನು ಹೆಚ್ಚಿಸುವುದರಿಂದ ಆರಂಭಿಸಬಹುದೇ?

ಬೇಡ. ಎಲ್ಲರೂ ಮೊದಲು ಕೇಳುವ, ಕೊನೆಗೆ ಮಾಡಬೇಕಾದ ಕೆಲಸ ಇದು. ನಮ್ಮ ಊರು ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಹೆಚ್ಚು ಎತ್ತರದಲ್ಲಿದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 100 ಮೀಟರ್ ಏರಿದಂತೆ ಶೇ 1ರಷ್ಟು ಶಕ್ತಿಯನ್ನು ಕಳೆದುಕೊಳ್ಳುತ್ತದೆಂದು ಸ್ಥೂಲವಾಗಿ ಲೆಕ್ಕ ಹಿಡಿಯಬಹುದು. ಗಾಳಿ ತೆಳುವಾದಂತೆ ಸಿಲಿಂಡರಿಗೆ ಹೋಗುವ ಆಮ್ಲಜನಕವೂ ಕಡಿಮೆಯಾಗುವುದೇ ಕಾರಣ. ಅಂದರೆ ಸಾವಿರಾರು ರೂಪಾಯಿ ಸುರಿದು ಗಳಿಸಿದ ಎಂಟು ಹತ್ತು ಅಶ್ವಶಕ್ತಿಯನ್ನು ಈ ಎತ್ತರವೇ ನುಂಗಿ ಹಾಕುತ್ತದೆ. ಅದರ ಬದಲು ಎಂಜಿನ್ ಆರೋಗ್ಯವಾಗಿದೆಯೇ ಎಂದು ನೋಡಿ: ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಎಲ್ಲ ಸಿಲಿಂಡರುಗಳಲ್ಲೂ ಸಮನಾಗಿರಬೇಕು, ರೇಡಿಯೇಟರ್ ಹೊಸದಾಗಿರಬೇಕು, ಎಂಜಿನ್ ಮೌಂಟಿಂಗುಗಳು ಗಟ್ಟಿಯಾಗಿರಬೇಕು. ಜಿಗಿದು ಬಿದ್ದಾಗ ಎಂಜಿನ್ ಒಂದೆರಡು ಇಂಚು ಅತ್ತಿತ್ತ ಓಲಾಡಿದರೆ ಮೊದಲು ತೊಂದರೆಯಾಗುವುದು ಗೇರ್ ಲಿಂಕೇಜಿಗೆ (ಗೇರ್ ಹಿಡಿಯನ್ನು ಗೇರ್‌ಬಾಕ್ಸಿಗೆ ಜೋಡಿಸುವ ಸರಳುಗಳು), ಆಮೇಲೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿಗೆ. ಹಣ ಉಳಿದಿದ್ದರೆ ಗೇರ್‌ಬಾಕ್ಸಿನ ಕೊನೆಯ ಗೇರ್ ಜೋಡಿಯಾದ ಫೈನಲ್ ಡ್ರೈವನ್ನು, ಗರಿಷ್ಠ ವೇಗ ತಗ್ಗಿದರೂ ಎಳೆತ ಹೆಚ್ಚುವಂತೆ ಬದಲಿಸುವುದು, ನಿಮ್ಮ ವರ್ಗದ ನಿಯಮ ಒಪ್ಪಿದರೆ, ಎಂಜಿನ್ ಕೆಲಸಕ್ಕಿಂತ ಹೆಚ್ಚು ಫಲ ಕೊಡುತ್ತದೆ. ತೋಟದ ರಸ್ತೆಯಲ್ಲಿ ಐದನೇ ಗೇರ್ ಬಳಸುವ ಸಂದರ್ಭವೇ ಅಪರೂಪ.

ಹಾಗಾದರೆ ಹಣವನ್ನು ಮೊದಲು ಎಲ್ಲಿ ಹಾಕಬೇಕು?

ಜೀವ ಉಳಿಸುವ ಸಲಕರಣೆಗಳನ್ನು ಬಿಟ್ಟರೆ (ಅವುಗಳ ವಿಷಯ ಮುಂದೆ ಬರುತ್ತದೆ, ಅಲ್ಲಿ ಉಳಿತಾಯದ ಮಾತೇ ಇಲ್ಲ) ಮೊದಲ ಹಣ ಶಾಕ್ ಅಬ್ಸಾರ್ಬರುಗಳಿಗೆ. ಮಾಮೂಲಿ ಶಾಕ್‌ಗಳು ಉಬ್ಬುತಗ್ಗಿನ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಬಿಡದೆ ಓಡಿದರೆ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ. ಆಗ ಸ್ಪ್ರಿಂಗನ್ನು ತಡೆಯುವವರೇ ಇಲ್ಲದಂತಾಗಿ ಕಾರು ದೋಣಿಯಂತೆ ತೇಲಲಾರಂಭಿಸುತ್ತದೆ. ಹೊಸಬರು ಇದಕ್ಕೆ ಮದ್ದೆಂದು ಗಟ್ಟಿ ಸ್ಪ್ರಿಂಗ್ ಹಾಕಿಸುತ್ತಾರೆ. ಅದು ಡಾಂಬರಿನ ಬುದ್ಧಿ. ಮಣ್ಣಿನ ಮೇಲೆ ಚಕ್ರ ನೆಲ ಬಿಡಬಾರದು, ಅದಕ್ಕಾಗಿ ಸ್ಪ್ರಿಂಗ್ ತಕ್ಕಮಟ್ಟಿಗೆ ಮೃದುವಾಗಿರಬೇಕು, ಚಕ್ರ ಕೆಳಕ್ಕೆ ಇಳಿಯಲು ಸಾಕಷ್ಟು ಅವಕಾಶವಿರಬೇಕು, ಇಳಿದದ್ದನ್ನೂ ಏರಿದ್ದನ್ನೂ ಹದದಲ್ಲಿಡುವ ಕೆಲಸವನ್ನು ಶಾಕ್ ಮಾಡಬೇಕು.

ಎತ್ತರವನ್ನು 20ರಿಂದ 30 ಮಿ.ಮೀ. ಏರಿಸಿದರೆ ಸಾಕು. ಅದಕ್ಕಿಂತ ಹೆಚ್ಚಿಸಿದರೆ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಜಾಯಿಂಟುಗಳು ಬೇಗ ಸಾಯುತ್ತವೆ. ಶಾಕ್ ಕೂರುವ ಗೋಪುರಗಳಿಗೆ ತಗಡಿನ ತೇಪೆ ಬೆಸೆದು ಬಲಪಡಿಸಿ, ಎರಡನ್ನೂ ಒಂದು ಕಂಬಿಯಿಂದ ಜೋಡಿಸುವುದು ವಾಡಿಕೆ. ಅಲೈನ್‌ಮೆಂಟ್‌ನಲ್ಲಿ ಮುಂಚಕ್ರಗಳ ಮೂತಿ ಒಂದೆರಡು ಮಿ.ಮೀ. ಹೊರಕ್ಕೆ ತೆರೆದಿದ್ದರೆ ಮುಂಚಕ್ರ ಚಾಲನೆಯ ಕಾರು ತಿರುವಿಗೆ ಚುರುಕಾಗಿ ಇಳಿಯುತ್ತದೆ. ಇದನ್ನು ಸರ್ವಿಸ್ ವೇಳೆಯಲ್ಲಿ (ಸ್ಟೇಜುಗಳ ನಡುವೆ ರಿಪೇರಿಗೆ ಕೊಡುವ ಸಮಯ) ನೋಡಲು ಯಂತ್ರವೇ ಬೇಕೆಂದಿಲ್ಲ. ನಾಲ್ಕು ಸ್ಟ್ಯಾಂಡುಗಳಿಗೆ ನೂಲು ಕಟ್ಟಿ, ಚಕ್ರದ ಮುಂದಿನ ಮತ್ತು ಹಿಂದಿನ ಅಂಚಿನಿಂದ ನೂಲಿಗಿರುವ ದೂರವನ್ನು ಸ್ಕೇಲಿನಲ್ಲಿ ಅಳೆದರೆ ಸಾಕಾಗುತ್ತದೆ.

ಎಂಜಿನ್ ಕೆಳಗಿನ ಗಾರ್ಡ್ ಹೇಗಿರಬೇಕು?

ಕಾಫಿ ತೋಟದ ರಸ್ತೆಯ ಲಕ್ಷಣ ಗೊತ್ತಿದ್ದವರಿಗೆ ಇದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಟ್ರ್ಯಾಕ್ಟರ್ ಮತ್ತು ಜೀಪುಗಳು ಓಡಿ ಎರಡು ಬದಿ ಆಳವಾಗಿ, ನಡುವೆ ಮಣ್ಣಿನ ದಿಂಡು ಎದ್ದಿರುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋಗಿ ದಿಂಡಿನಲ್ಲಿ ಕಲ್ಲುಗಳ ತಲೆ ಹೊರಬಂದಿರುತ್ತದೆ. ಅದು ತಾಗುವುದು ನೇರವಾಗಿ ಆಯಿಲ್ ಚೇಂಬರಿಗೆ. ಸ್ಟೀಲಾದರೆ ಮೂರು ನಾಲ್ಕು ಮಿ.ಮೀ., ಅಲ್ಯೂಮಿನಿಯಂ ಮಿಶ್ರಲೋಹವಾದರೆ ಸುಮಾರು 6 ಮಿ.ಮೀ. ದಪ್ಪದ ಹಾಳೆ ಬೇಕು. ಅದು ತೆಳು ತಗಡಿಗಲ್ಲದೆ ಕಾರಿನ ಕೆಳಗಿನ ಗಟ್ಟಿ ಅಡ್ಡತೊಲೆಯಾದ ಕ್ರಾಸ್ ಮೆಂಬರಿಗೆ ಬಿಗಿದಿರಬೇಕು, ಚೇಂಬರಿಗೂ ಗಾರ್ಡಿಗೂ ನಡುವೆ ಎರಡು ಬೆರಳು ಅಂತರವಿರಬೇಕು.

ನನ್ನ ಮೊದಲ ಗಾರ್ಡನ್ನು ನಾನೇ ನಿಂತು ಮಾಡಿಸಿದ್ದೆ, ಹಾಳೆ ಗಟ್ಟಿಯಾಗಿಯೇ ಇತ್ತು. ಎರಡನೇ ಸ್ಟೇಜಿನಲ್ಲಿ ಮೂರನೇ ಗೇರ್ ಬೀಳುವುದು ನಿಂತಿತು. ಸರ್ವಿಸ್‌ಗೆ ಸಿಕ್ಕಿದ್ದು 20 ನಿಮಿಷ. ಕೆಳಗೆ ಮಲಗಿ ನೋಡಿದರೆ ಗಾರ್ಡಿನೊಳಗೆ ಹೊಕ್ಕಿದ್ದ ಜಲ್ಲಿ ಮತ್ತು ಕೆಮ್ಮಣ್ಣು ಇಟ್ಟಿಗೆಯಂತೆ ಗಟ್ಟಿಯಾಗಿ ಲಿಂಕೇಜನ್ನು ಹಿಡಿದುಕೊಂಡಿತ್ತು. ಬಿಚ್ಚೋಣವೆಂದರೆ, ನಾಲ್ಕೂ ಬೋಲ್ಟಿನ ತಲೆಗಳು ಕಲ್ಲಿಗೆ ಉಜ್ಜಿ ಉಜ್ಜಿ ನಾಣ್ಯದಂತೆ ನುಣುಪಾಗಿದ್ದವು. ಯಾವ ಸ್ಪ್ಯಾನರೂ ಹಿಡಿಯಲಿಲ್ಲ. ಉಳಿ ಸುತ್ತಿಗೆಯಲ್ಲಿ ಹೊಡೆದು ತೆಗೆಯುವಷ್ಟರಲ್ಲಿ ಹೊತ್ತು ಮೀರಿತ್ತು. ಅಂದಿನಿಂದ ಬೋಲ್ಟಿನ ತಲೆ ಹಾಳೆಯೊಳಗೆ ತಗ್ಗಿ ಕೂರುವಂತೆ ಕುಳಿ ಮಾಡಿಸುತ್ತೇನೆ, ಮಣ್ಣು ಉದುರಲು ಹಿಂಭಾಗದಲ್ಲಿ ಕಿಂಡಿ ಬಿಡಿಸುತ್ತೇನೆ, ಮತ್ತು ಎಂಜಿನ್ ಎಣ್ಣೆ ಬದಲಿಸುವ ತೂತು ಗಾರ್ಡ್ ಬಿಚ್ಚದೆಯೇ ಕೈಗೆ ಸಿಗುವಂತೆ ನೋಡಿಕೊಳ್ಳುತ್ತೇನೆ.

ಪೆಟ್ರೋಲ್ ಟ್ಯಾಂಕಿನ ಕೆಳಗೂ ಒಂದು ಹಾಳೆ ಬೇಕು. ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳನ್ನು, ನಿಯಮದಲ್ಲಿ ಅವಕಾಶವಿದ್ದಷ್ಟು ಮಟ್ಟಿಗೆ, ಕಾರಿನೊಳಗಿನಿಂದ ಸಾಗಿಸುವುದು ಉತ್ತಮ.

ಟೈರ್ ಮತ್ತು ಚಕ್ರಗಳ ಆಯ್ಕೆ ಹೇಗೆ?

ಎಂಆರ್‌ಎಫ್, ಜೆಕೆ ಮೊದಲಾದ ನಮ್ಮ ಕಂಪನಿಗಳೇ ರ‍್ಯಾಲಿ ಟೈರುಗಳನ್ನು ಮಾಡುತ್ತವೆ. ಇವುಗಳ ಪಕ್ಕದ ಗೋಡೆ ದಪ್ಪ, ಹಲ್ಲುಗಳ ನಡುವಿನ ಜಾಗ ಅಗಲ. ಮಳೆ ಬಿದ್ದ ಕೆಮ್ಮಣ್ಣು ಮಾಮೂಲಿ ಟೈರಿನ ಗೆರೆಗಳಲ್ಲಿ ಸುಣ್ಣದಂತೆ ಮೆತ್ತಿಕೊಂಡು ಟೈರನ್ನು ನುಣ್ಣಗಾಗಿಸುತ್ತದೆ, ಅಗಲ ಜಾಗವಿದ್ದರೆ ಅದು ತಾನಾಗಿಯೇ ಸಿಡಿದು ಹೋಗುತ್ತದೆ. ಗಾಳಿಯ ಒತ್ತಡವನ್ನು 28 ಪಿಎಸ್‌ಐನಿಂದ ಆರಂಭಿಸಿ, ರಸ್ತೆ ನೋಡಿಕೊಂಡು ಏರಿಳಿಸಬಹುದು. ಹಿಡಿತದ ಆಸೆಗೆ ತೀರಾ ಇಳಿಸಿದರೆ ಕಲ್ಲಿನ ಅಂಚು ಟೈರನ್ನು ರಿಮ್ಮಿಗೆ ಒತ್ತಿ ಕತ್ತರಿಸುತ್ತದೆ. ಚಕ್ರಗಳ ವಿಷಯದಲ್ಲಿ ನಾನು ಸ್ಟೀಲ್ ಪಕ್ಷದವನು: ಕಡಿಮೆ ದರ್ಜೆಯ ಅಲಾಯ್ ಪೆಟ್ಟು ಬಿದ್ದರೆ ಒಡೆಯುತ್ತದೆ, ಸ್ಟೀಲ್ ಬಗ್ಗುತ್ತದೆ, ಬಗ್ಗಿದ್ದನ್ನು ಸುತ್ತಿಗೆಯಿಂದ ತಟ್ಟಿ ಇನ್ನೊಂದು ಸ್ಟೇಜ್ ಓಡಿಸಬಹುದು.

ಬ್ರೇಕಿನಲ್ಲಿ ಏನು ಬದಲಾಯಿಸಬೇಕು?

ಹೊಸ ಡಾಟ್ 4 ಬ್ರೇಕ್ ಆಯಿಲ್, ಒಳ್ಳೆಯ ಪ್ಯಾಡ್, ಹೊಸ ಹೋಸ್ ಪೈಪು. ಇಷ್ಟು ಸಾಕು. ಡಿಸ್ಕಿನ ಹಿಂದಿರುವ ತೆಳು ತಗಡನ್ನು ತೆಗೆಸಿ. ಅದರೊಳಗೆ ಸಣ್ಣ ಜಲ್ಲಿ ಸಿಕ್ಕಿಕೊಂಡರೆ ಡಿಸ್ಕಿನ ಮೇಲೆ ಗೆರೆ ಕೊರೆಯುವುದಲ್ಲದೆ ಇಡೀ ತೋಟಕ್ಕೆ ಕೇಳುವಂತೆ ಕಿರುಚುತ್ತದೆ. ಬಿಗಿ ತಿರುವಿನಲ್ಲಿ ಕಾರನ್ನು ತಿರುಗಿಸಲು ಹ್ಯಾಂಡ್ ಬ್ರೇಕ್ ಬೇಕಾಗುವುದರಿಂದ ಅದರ ಕೇಬಲ್ ಸದಾ ಬಿಗಿಯಾಗಿರಲಿ.

ರೋಲ್ ಕೇಜ್, ಸೀಟು, ಬೆಲ್ಟ್, ಹೆಲ್ಮೆಟ್: ಸ್ಥಳೀಯವಾಗಿ ಮಾಡಿಸಬಹುದೇ?

ಕೇಜನ್ನು ಅದರ ಕೆಲಸ ಬಲ್ಲವರಿಂದ ಮಾತ್ರ ಮಾಡಿಸಬೇಕು. ಗೇಟು ಮಾಡುವ ಪೈಪಿನಿಂದ ಕೇಜ್ ಮಾಡಿಕೊಡುತ್ತೇನೆಂದು ಹೇಳಿದವರು ನನಗೂ ಸಿಕ್ಕಿದ್ದಾರೆ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ನಿಯಮದ ಪ್ರಕಾರ ಕೊಳವೆಯು ಬೆಸುಗೆಯ ಗೆರೆ ಇಲ್ಲದ, ತಣ್ಣಗೆ ಎಳೆದು ತಯಾರಿಸಿದ ಕಾರ್ಬನ್ ಸ್ಟೀಲ್ ಆಗಿರಬೇಕು; ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ ಅಥವಾ 50 ಮಿ.ಮೀ. ವ್ಯಾಸ ಮತ್ತು 2 ಮಿ.ಮೀ. ದಪ್ಪ, ಉಳಿದ ಬಹುತೇಕ ಕೊಳವೆಗಳಿಗೆ 38 ಮಿ.ಮೀ. ವ್ಯಾಸ ಮತ್ತು 2.5 ಮಿ.ಮೀ. ದಪ್ಪ ಕನಿಷ್ಠ ಅಳತೆ. ಬೆಸುಗೆ ಗೆರೆ ಇರುವ ಪೈಪು ಕಾರು ಉರುಳಿದಾಗ ಆ ಗೆರೆಯುದ್ದಕ್ಕೂ ಸೀಳಬಹುದು, ತಲೆಯ ಪಕ್ಕದಲ್ಲೇ. ಹೆಲ್ಮೆಟ್ ತಾಗಬಹುದಾದ ಕಡೆಯಲ್ಲೆಲ್ಲ ಕೊಳವೆಗೆ ಮೆತ್ತೆ ಸುತ್ತಬೇಕು. ಕೇಜ್ ಇರುವ ಕಾರನ್ನು ಹೆಲ್ಮೆಟ್ ಇಲ್ಲದೆ ಪೇಟೆಯಲ್ಲಿ ಓಡಿಸುವುದು ಅಪಾಯಕರವೆಂಬುದು ಹಲವರಿಗೆ ಹೊಳೆದೇ ಇರುವುದಿಲ್ಲ.

ಎಫ್‌ಐಎ 8855-1999 ಮಾನದಂಡದ ಸೀಟಿಗೆ ತಯಾರಾದ ವರ್ಷದಿಂದ ಐದು ವರ್ಷ ಆಯುಷ್ಯ. ಬೆಲ್ಟಿನ ಮೇಲೆ ಅದರ ಕೊನೆಯ ವರ್ಷ ನಮೂದಾಗಿರುತ್ತದೆ. ಹಳೆಯದನ್ನು ಅರ್ಧ ಬೆಲೆಗೆ ಕೊಂಡು ಸ್ಕ್ರೂಟಿನಿಯಲ್ಲಿ (ಸ್ಪರ್ಧೆಗೆ ಮುಂಚಿನ ಕಾರು ತಪಾಸಣೆ) ವಾಪಸ್ ಬಂದವರನ್ನು ಕಂಡಿದ್ದೇನೆ. ಕುತ್ತಿಗೆಯನ್ನು ಕಾಯುವ ಹ್ಯಾನ್ಸ್ ಸಾಧನ, ಬೆಂಕಿ ತಡೆಯುವ ಉಡುಪು, ಬೆಂಕಿ ಆರಿಸುವ ಸಿಲಿಂಡರ್, ಒಳಗಿನಿಂದಲೂ ಹೊರಗಿನಿಂದಲೂ ಎಳೆಯಬಹುದಾದ ವಿದ್ಯುತ್ ಕಟ್ ಆಫ್ ಸ್ವಿಚ್, ಕೈಗೆಟುಕುವಲ್ಲಿ ಬೆಲ್ಟ್ ಕತ್ತರಿಸುವ ಕತ್ತಿ ಇವು ಸ್ಟೇಜ್ ರ‍್ಯಾಲಿಗೆ ಕಡ್ಡಾಯ ಎಂದುಕೊಂಡೇ ಹೊರಡಿ. ಈ ಬಾಬ್ತಿಗೆ ಕಾರಿನ ಬೆಲೆಯಷ್ಟೇ ಖರ್ಚಾದರೂ ಆಶ್ಚರ್ಯಪಡಬೇಕಾಗಿಲ್ಲ.

ಧೂಳಿನ ಕಾಟಕ್ಕೆ ಪರಿಹಾರವೇನು?

ಮಳೆಗಾಲ ಮುಗಿದ ಒಂದೆರಡು ತಿಂಗಳಿಗೆ ತೋಟದ ರಸ್ತೆ ಮುಖದ ಪೌಡರಿನಂತಾಗುತ್ತದೆ, ಸಿಲ್ವರ್ ಓಕ್ ಮರಗಳ ನಡುವೆ ಗಾಳಿಯಾಡದೆ ಧೂಳು ಅಲ್ಲೇ ತೂಗಾಡುತ್ತದೆ. ಏರ್ ಫಿಲ್ಟರನ್ನು ಪ್ರತಿ ಸರ್ವಿಸಿನಲ್ಲೂ ತೆಗೆದು ನೋಡಬೇಕು. ಅದಕ್ಕಿಂತ ಮುಖ್ಯವಾಗಿ, ಫಿಲ್ಟರ್ ಪೆಟ್ಟಿಗೆಗೂ ಎಂಜಿನ್‌ಗೂ ನಡುವಿನ ರಬ್ಬರ್ ಕೊಳವೆಯ ಕ್ಲಿಪ್ಪುಗಳು ಬಿಗಿಯಾಗಿವೆಯೇ ಎಂದು ನೋಡಬೇಕು. ಆ ಕೊಳವೆಯ ಒಳಗೆ ಬೆರಳಾಡಿಸಿದಾಗ ಕೆಂಪು ಹತ್ತಿದರೆ ಪಿಸ್ಟನ್ ರಿಂಗುಗಳಿಗೆ ಕಲ್ಲುಪುಡಿ ಉಣಿಸುತ್ತಿದ್ದೇವೆಂದೇ ತಿಳಿಯಬೇಕು.

ಇಂಥ ಕಾರನ್ನು ರಸ್ತೆಯಲ್ಲಿ ಓಡಿಸಲು ಕಾನೂನಿನ ಅಡ್ಡಿ ಇದೆಯೇ? ವಿಮೆ ಸಿಗುತ್ತದೆಯೇ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ಆರ್‌ಸಿಯಲ್ಲಿರುವ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 189ನೇ ಸೆಕ್ಷನ್ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ರಸ್ತೆಯಲ್ಲಿ ವೇಗದ ಸ್ಪರ್ಧೆ ನಡೆಸುವುದು ಅಪರಾಧ. ಆದ್ದರಿಂದ ಪೂರ್ತಿ ಸಿದ್ಧವಾದ ಸ್ಟೇಜ್ ಕಾರನ್ನು ನಿತ್ಯದ ಓಡಾಟಕ್ಕೆ ಬಳಸದೆ ಲಾರಿಯಲ್ಲಿ ಸಾಗಿಸುವುದೇ ಸರಿಯಾದ ದಾರಿ. ಸಾಮಾನ್ಯ ವಾಹನ ವಿಮೆಯು ಆಯೋಜಿತ ರೇಸ್, ವೇಗದ ಪರೀಕ್ಷೆ ಇತ್ಯಾದಿಗಳನ್ನು ಹೊರಗಿಟ್ಟಿರುತ್ತದೆ. ಸ್ಟೇಜಿನಲ್ಲಿ ಕಾರು ನಜ್ಜುಗುಜ್ಜಾದರೆ ಆ ನಷ್ಟ ನಿಮ್ಮದೇ.

ಸ್ಪರ್ಧಿಸಲು ದೇಶದ ಮೋಟಾರು ಕ್ರೀಡೆಯ ನಿಯಂತ್ರಕ ಸಂಸ್ಥೆಯಾದ ಎಫ್‌ಎಂಎಸ್‌ಸಿಐನ ಪರವಾನಗಿ ಚಾಲಕನಿಗೂ ನ್ಯಾವಿಗೇಟರಿಗೂ ಬೇಕು. ಆ ಸಂಸ್ಥೆ ಪ್ರತಿ ವರ್ಷ ಹೊರಡಿಸುವ ನಿಯಮಾವಳಿಯಲ್ಲಿ ನಿಮ್ಮ ವರ್ಗಕ್ಕೆ ಏನೇನು ಒಪ್ಪಿಗೆಯಿದೆ ಎಂದು ಓದಿದ ಮೇಲೆಯೇ ಒಂದು ಬೋಲ್ಟನ್ನಾದರೂ ಬಿಚ್ಚಬೇಕು.

ಅಭ್ಯಾಸ ಎಲ್ಲಿ ಮಾಡುವುದು?

ಸಾರ್ವಜನಿಕ ರಸ್ತೆಯಲ್ಲಿ ಬೇಡವೇ ಬೇಡ. ಮುಳ್ಳಯ್ಯನಗಿರಿ ರಸ್ತೆಯಲ್ಲಾಗಲಿ ಚಾರ್ಮಾಡಿಯಲ್ಲಾಗಲಿ ಎದುರಿನಿಂದ ಪ್ರವಾಸಿಗರ ವಾಹನ ಬರುತ್ತಿರುತ್ತದೆ. ಪರಿಚಯದ ಪ್ಲಾಂಟರ್ ಒಬ್ಬರಿದ್ದರೆ ಅವರ ಖಾಸಗಿ ರಸ್ತೆಯನ್ನು ಒಂದು ಬೆಳಗಿನ ಮಟ್ಟಿಗೆ ಕೇಳಬಹುದು. ಆದರೆ ನವೆಂಬರಿನಿಂದ ಫೆಬ್ರುವರಿವರೆಗೆ ಕೊಯ್ಲಿನ ಕಾಲ, ಆಳುಗಳು ಮೂಟೆ ಹೊತ್ತು ಅದೇ ದಾರಿಯಲ್ಲಿ ನಡೆಯುತ್ತಾರೆ; ಆಗ ಕೇಳುವುದೇ ತಪ್ಪು. ಕೊಯ್ಲಿಲ್ಲದ ತಿಂಗಳಲ್ಲಿ, ತೋಟದ ಗೇಟುಗಳಲ್ಲಿ ಕಾವಲಿಗೆ ಜನರನ್ನು ನಿಲ್ಲಿಸಿ, ತೋಟದ ಕೆಲಸ ನೋಡಿಕೊಳ್ಳುವ ರೈಟರಿಗೆ ಮೊದಲೇ ತಿಳಿಸಿ ಓಡಿಸಬೇಕು, ಕಿತ್ತುಹೋದ ರಸ್ತೆಯನ್ನು ಮರುದಿನ ಸರಿಮಾಡಿಸಿಕೊಡಬೇಕು. ಎಡಗಾಲಿನಿಂದ ಬ್ರೇಕ್ ಒತ್ತುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನ್ಯಾವಿಗೇಟರಿಗಾಗಿ ಕಾರಿನಲ್ಲಿ ಏನು ವ್ಯವಸ್ಥೆ ಬೇಕು?

ಓಡಿದ ದೂರ ತೋರಿಸುವ, ಅಳತೆ ಸರಿಹೊಂದಿಸಬಹುದಾದ ಟ್ರಿಪ್ ಮೀಟರ್, ಓದಲು ಬಾಗುವ ದೀಪ, ಇಂಟರ್‌ಕಾಂ, ಕಾಲೂರಲು ಗಟ್ಟಿ ಹಲಗೆ. ಅವರ ತಲೆಯ ಮೇಲೆ ದೊಡ್ಡ ಜವಾಬ್ದಾರಿ ಇದೆ: ಟೈಮ್ ಕಂಟ್ರೋಲಿಗೆ (ಗೊತ್ತಾದ ನಿಮಿಷಕ್ಕೆ ಸರಿಯಾಗಿ ಹಾಜರಾಗಬೇಕಾದ ಠಾಣೆ) ತಡವಾದರೆ ನಿಮಿಷಕ್ಕೆ 10 ಸೆಕೆಂಡ್ ದಂಡ, ಮೊದಲೇ ಹೊಕ್ಕರೆ ನಿಮಿಷಕ್ಕೆ ಇಡೀ ಒಂದು ನಿಮಿಷ ದಂಡ ಎಂಬುದು ಅಂತರರಾಷ್ಟ್ರೀಯ ನಿಯಮ. ಸ್ಟೇಜಿನಲ್ಲಿ ಬೆವರು ಸುರಿಸಿ ಗಳಿಸಿದ್ದನ್ನು ಕಂಟ್ರೋಲಿನ ಬಳಿ ಆತುರಪಟ್ಟು ಕಳೆದವರು ಬಹಳ ಮಂದಿ.

ರ‍್ಯಾಲಿ ಮುಗಿದ ಮೇಲೆ ಕಾರಿಗೆ ಏನು ಮಾಡಬೇಕು?

ಅದೇ ರಾತ್ರಿ, ಮಣ್ಣು ಒಣಗುವ ಮೊದಲು, ಗಾರ್ಡ್ ಬಿಚ್ಚಿ ಕೆಳಭಾಗವನ್ನು ಚೆನ್ನಾಗಿ ತೊಳೆಯಬೇಕು. ಮರುದಿನ ಬೆಳಕಿನಲ್ಲಿ ಪ್ರತಿಯೊಂದು ಬೆಸುಗೆಯನ್ನೂ, ಶಾಕ್ ಗೋಪುರವನ್ನೂ, ಡ್ರೈವ್ ಶಾಫ್ಟಿನ ರಬ್ಬರ್ ಬೂಟುಗಳನ್ನೂ ಬಟ್ಟೆಯಲ್ಲಿ ಒರೆಸಿ ಬಿರುಕಿದೆಯೇ ಎಂದು ನೋಡಬೇಕು. ಎಂಜಿನ್ ಎಣ್ಣೆಯನ್ನು ಕಿಲೋಮೀಟರ್ ಲೆಕ್ಕ ನೋಡದೆ ಬದಲಾಯಿಸಬೇಕು. ಒಂದೊಂದು ಚಕ್ರವನ್ನೂ ಜಾಕ್ ಮೇಲೆತ್ತಿ, ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸಿದರೆ ಬೇರಿಂಗ್ ಮತ್ತು ಬಾಲ್ ಜಾಯಿಂಟಿನ ಸ್ಥಿತಿ ಕೈಗೇ ತಿಳಿಯುತ್ತದೆ. ಸಡಿಲವಾಗಿದ್ದ ಬೋಲ್ಟುಗಳನ್ನು ಬಿಗಿದ ಮೇಲೆ ಅವುಗಳ ತಲೆಯಿಂದ ಪಕ್ಕದ ತಗಡಿನವರೆಗೆ ಹಳದಿ ಬಣ್ಣದ ಒಂದು ಗೆರೆ ಎಳೆದಿಡಿ. ಮುಂದಿನ ಸಲ ಆ ಗೆರೆ ಮುರಿದಿದ್ದರೆ, ಕಾರಿನ ಕೆಳಗೆ ಟಾರ್ಚ್ ಬಿಟ್ಟ ಕೂಡಲೇ ಯಾವ ಬೋಲ್ಟ್ ತಿರುಗಿದೆ ಎಂಬುದು ಕಣ್ಣಿಗೆ ಬೀಳುತ್ತದೆ.